ಹಿಂಬದಿಯ ಕೆಂಪು

ವೈನೀ,

ಸಾಲಿ ಬಿಟ್ಟಂಗ ಈ ಕೆಲಸಾನೂ ನಡಬರಕ ಬಿಟ್ಟ ಅಂತ ಅನ್ನಬ್ಯಾಡ್ರಿ, ಪೂರಾ ಓದ್ರಿ. ಇಲ್ಲಿ ಅಮೆರಿಕಾದ ಮನ್ರೋ ಊರಾಗ, ಗೋಡೆಗೆ ತೂಗಹಾಕೋ ಹಳೇ ಚಿತ್ರದ ಪರದೆ ರಿಪೇರಿ ಮಾಡೋ ಅಂಗಡ್ಯಾಗ ಅದೀನಿ. ನೂರು ವರ್ಷದ ಹಿಂದ ಮಿಷನ್ ಬಟ್ಟಿ ಸಾಕಾಗಿ, ಮತ್ತ ಕೈಲೇ ನೇಯೋಣು ಅಂತ ಹಟಾ ಹಿಡಿದ ಮಂದಿ ನೇಯ್ದ ಪರದೆ ಒಂದು ಬಂತು. ಅದರಾಗಿನ ಬೇಟೆಗಾರನ ಕೆಂಪು ಅಂಗೀಗೆ ತೂತು ಬಿದ್ದಿತ್ತು. ನೀವು ನೇಯೋ ಜಮಖಾನಿ ಎರಡೂ ಮಗ್ಗಲು ಒಂದೇ ಇರತೈತಿ. ಅದೇ ರೂಢಿಲೇ ನಾ ಹಿಂಬದಿ ನೋಡಿ ನೂಲಿನ ಬಣ್ಣ ಹೊಂದಿಸಿ ಮೂರು ದಿನ ನೇಯ್ದೆ. ತಿರುವಿ ನೋಡಿದ್ರ, ಮುಂದಿನ ಬಣ್ಣ ಬಿಸಲಿಗೆ ಮಾಸಿ ಮಣ್ಣಾಗೇತಿ, ನಂದೊಂದೇ ಭಗ್ ಅಂತ ಉರೀತೈತಿ.

ಮಾಲಕ ಶೇಷಾದ್ರಿ ಅಂಕಲ್, "ಕಂದು ಮಾರ್ಕರ್ ತಗೊಂಡು ಆ ಕೆಂಪಿನ ಮೇಲೆ ಬಳಿಯೋ, ಕಸ್ಟಮರ್‌ಗೇನ್ ಗೊತ್ತಾಗತ್ತೆ?" ಅಂದ್ರು.

"ಬಿಚ್ಚಿ ಮತ್ತ ನೇಯ್ತೀನ್ರೀ" ಅಂದೆ.

"ದೊಡ್ಡ ಕಲಾವಿದ ಬಂದ! ಬಳಿ, ಇಲ್ಲಾ ಮನೆಗ್ ಹೋಗು."

ಕಣ್ಣು ಉರೀತಾವ, ಬೆನ್ನು ಸೆಟದೇತಿ, ಜ್ವರ ಏನಿಲ್ಲ, ಕಾಳಜಿ ಮಾಡಬ್ಯಾಡ್ರಿ. ನನ್ನ ಮೂರು ದಿನದ ನೇಯ್ಗಿ ನಾನೇ ಬಿಚ್ಚಿ, ಮಾರ್ಕರ್ ಕಸದಾಗ ಒಗದೀನಿ. ನೂರು ವರ್ಷ ಬಾಳಿದ್ದಕ್ಕ ಮಸಿ ಬಳಿಯಾಂವ ನಾ ಅಲ್ಲ. ಅಂಕಲ್ ಒದರಾಕ ಹತ್ಯಾರ. ಹೊಂಟೆ. ಬಾಗಲಾ ಹೆಂಗ ಬಡೀತೀನಿ ಅಂದ್ರ, ಅಂಗಡ್ಯಾಗಿನ ಪರದೆ ಎಲ್ಲಾ ಅಳ್ಳಾಡಬೇಕು.

ಗವಿಸಿದ್ಧ