ಬಿಳಿ ಬಟ್ಟೆಗೆ ಮೋಸ ಹೋಗದ ಫ್ಲ್ಯಾಶ್

ಭಾಲ್ಕಿ
೩ ಮಾರ್ಚ್ ೨೦೨೪, ರವಿವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಪ್ರಣಾಲಿ ಮಾಡುವ ಜೈಭೀಮ್. ನಿಮ್ಮ ಮೊಣಕಾಲು ಈಗ ಹೇಗಿದೆ? ಔರಾದದಲ್ಲಿ ಸಂಘಮಿತ್ರಾ ಅಕ್ಕನ ಮನೆಗೆ ಹತ್ತಲು ಎಂಟು ಮೆಟ್ಟಿಲು, ಮಗಳು ಬೇಡವೆಂದರೂ ನೀವು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತೀರಂತೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಊಟಕ್ಕೆ ಮೊದಲೇ ತೆಗೆದುಕೊಳ್ಳಿ. ಕೈ ತೊಳೆದ ಮೇಲೆ ನೆನಪಾಗಿ ನುಂಗುವುದು ನಿಮ್ಮ ಹಳೆಯ ಅಭ್ಯಾಸ. ನಾನು ಚೆನ್ನಾಗಿದ್ದೇನೆ, ಎರಡು ಹೊತ್ತು ಉಣ್ಣುತ್ತೇನೆ. ಫೋನ್ ಮಾಡಿದರೆ ನೀವು "ಹೂಂ" ಎಂದು ಅಕ್ಕನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಅಂಗನವಾಡಿಯಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಅಕ್ಷರ ತೋರಿಸಿದವರು ನೀವು. ಬಂದ ಪತ್ರವನ್ನು ಓದದೆ ಇಡುವವರಲ್ಲ ಎಂಬ ಧೈರ್ಯ ನನಗಿದೆ.

ಇದೇ ಇಪ್ಪತ್ತೆಂಟಕ್ಕೆ ನಿಮ್ಮ ಮಗ ಹೋಗಿ ಒಂದು ವರ್ಷವಾಗುತ್ತದೆ. ವಿಹಾರಕ್ಕೆ ಹೋಗಿ ಭಂತೇಜಿಯವರಿಗೆ ಹೇಳಿ ಬಂದಿದ್ದೇನೆ. ಬೆಳಿಗ್ಗೆ ವಂದನೆ, ಆಮೇಲೆ ಬಂದವರಿಗೆ ಊಟ. ಓಣಿಯವರು ಕೇಳುವುದು ಒಂದೇ ಮಾತು: "ಶಾಲುಬಾಯಿ ಬರ್ತಾಳೇನವ್ವಾ?" ಏನು ಹೇಳಲಿ? ನೀವು ಯಾಕೆ ಹೋದಿರಿ ಎಂದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ಊರಿಗೆಲ್ಲ ಫೋಟೋ ತೆಗೆದ ಇವರು ತಮ್ಮದೊಂದು ಸರಿಯಾಗಿ ತೆಗೆಸಿಕೊಂಡಿರಲಿಲ್ಲ. ಚಿಕ್ಕಪ್ಪನ ಮಗನ ಮದುವೆಯಲ್ಲಿ ಯಾರೋ ಇವರ ಕೈಯಿಂದ ಕ್ಯಾಮೆರಾ ಇಸಿದುಕೊಂಡು ಹೊಡೆದ ಒಂದೇ ಒಂದು ಫೋಟೋ ಸಿಕ್ಕಿತು. ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಗೋಡೆಗೆ ಏರಿಸಿದೆವು. ನೋಡಿದವರೆಲ್ಲ "ಹೀರೋ ಇದ್ದಂಗ ಕಾಣ್ತಾನ" ಎಂದರು. ನೀವೊಬ್ಬರೇ ಬಹಳ ಹೊತ್ತು ನೋಡಿ, "ಇಂವ ಯಾರ ಮಗ ಅದಾನ? ನಾ ಹಡೆದಾವ ಇಷ್ಟು ಬೆಳ್ಳಗ ಇದ್ದಿಲ್ಲ" ಎಂದಿರಿ. ಮರುದಿನ ನನ್ನನ್ನೂ ಕರೆದುಕೊಂಡು ಬೀದರಿಗೆ ಹೋಗಿ ಪ್ರಿಂಟ್ ಹಾಕಿದ ಲ್ಯಾಬಿನವನಿಗೆ, "ನನ್ ಮಗನ್ನ ಒರಸಿ ಹಾಕೀದಿ" ಎಂದು ಬೈದಿರಿ. ಬೇರೆ ಫೋಟೋ ಇಲ್ಲವೆಂದು ನಾನು ಅದನ್ನು ಇಳಿಸಲಿಲ್ಲ. ನೀವು ಅದರ ಎದುರು ಕೂತು ಉಣ್ಣಲಿಲ್ಲ. ನಾಲ್ಕನೇ ದಿನ ಔರಾದದ ಬಸ್ಸು ಹತ್ತಿದಿರಿ. ಅದಕ್ಕೂ ಈಗ ಹತ್ತು ತಿಂಗಳಾಯಿತು.

ಸ್ಟುಡಿಯೋ ಮುಚ್ಚಿಲ್ಲ, ಅತ್ತೆ. ಪಾಸ್‌ಪೋರ್ಟ್ ಅಳತೆಯ ಫೋಟೋ, ಶಾಲೆಯ ಗುರುತಿನ ಚೀಟಿ, ಇಷ್ಟರಲ್ಲೇ ದಿನ ತಳ್ಳುತ್ತಿದ್ದೆ. ಹೋದ ತಿಂಗಳು ಮೆಹಕರದ ಅಮರನಾಥ ಅವರು ಮಗಳ ಮದುವೆಯ ಫೋಟೋಕ್ಕೆ ಬಂದರು. ಹೊಡೆಯುವವರು ಇಲ್ಲ ಎಂದೆ. "ನೀವು ಅದೀರಲ್ಲ. ಇಷ್ಟು ವರ್ಷ ಕಂಪ್ಯೂಟರ್ ಮುಂದ ಕುಂತು ಬರೀ ಚಾ ಕುಡದೀರೇನು?" ಎಂದು ಅವರು ಎದ್ದೇ ಹೋದರು. ನನಗೆ ಬೇಡವೆನ್ನಲು ಜಾಗವೇ ಉಳಿಯಲಿಲ್ಲ. ಆ ಸಂಜೆ ಇವರ ಚೀಲ ಬಿಚ್ಚಿದೆ. ಕ್ಯಾಮೆರಾ ಚೆನ್ನಾಗಿತ್ತು. ಫ್ಲ್ಯಾಶಿನ ಒಳಗೆ ಸೆಲ್ಲುಗಳು ಹಾಗೇ ಉಳಿದು, ಸೋರಿ, ಬಿಳಿ ಹಿಟ್ಟು ಹಿಡಿದಿದ್ದವು. ಆಸ್ಪತ್ರೆಗೆ ಹೋಗುವ ಮೊದಲು ಇವರು ಕೊನೆಯ ಮದುವೆಗೆ ಹಾಕಿದ ಸೆಲ್ಲುಗಳು. ತೆಗೆದಿಡಬೇಕೆಂದು ಯಾರಿಗೆ ನೆನಪಿರುತ್ತದೆ? ನಾನು ದಿನಚರಿಯಲ್ಲಿ ಆ ದಿನ ಬರೆದದ್ದು ಇಷ್ಟೇ: ಸೆಲ್ ಸೋರಿದೆ, ಬೀದರಿಗೆ ಹೋಗಬೇಕು.

ಹೋದೆ. ಗಾಂಧಿ ಗಂಜಿನಲ್ಲಿ ತೊಗರಿಯ ಲಾರಿಗಳು ಅಡ್ಡ ನಿಂತು ಆಟೋ ಮುಂದೆ ಸಾಗಲಿಲ್ಲ. ಇಳಿದು ಮೂಟೆಗಳ ನಡುವೆ ನಡೆದು, ಹಿಂದಿನ ಗಲ್ಲಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುವ ವಸೀಮನ ಅಂಗಡಿ ಹುಡುಕಿದೆ. ಇವರ ಹಳೆಯ ಗೆಳೆಯ, ನೀವು ಹೆಸರು ಕೇಳಿದ್ದೀರಿ. ನನ್ನನ್ನು ನೋಡಿ ಎದ್ದು ನಿಂತ. ಆಮೇಲೆ ಕುರ್ಚಿ ಒರೆಸಿ, "ಗೌರವ ಭಾಯ್ ಕುಂದ್ರೋ ಜಾಗಾ ಅದು, ಕುಂದರ್ರಿ ಭಾಭಿ" ಎಂದು ಇವರ ಹೆಸರು ಹಿಡಿದು ಹೇಳಿದ. ಫ್ಲ್ಯಾಶ್ ಬಿಚ್ಚಿ ನೋಡಿ, ಒಳಗಿನ ಬೋರ್ಡು ತಿಂದುಹೋಗಿದೆ, ರಿಪೇರಿಯ ಮಾತು ಬಿಡಿ ಎಂದ. ಎರಡು ಹೊಸವನ್ನು ಮೇಜಿನ ಮೇಲಿಟ್ಟ. ಒಂದು ಹನ್ನೆರಡು ಸಾವಿರದ ಆಟೋಮ್ಯಾಟಿಕ್. ಇನ್ನೊಂದು ಮೂರು ಸಾವಿರದೊಳಗಿನ, ಬೆಳಕನ್ನು ಕೈಯಿಂದಲೇ ಹೊಂದಿಸಬೇಕಾದ ಮ್ಯಾನುವಲ್, ಹೆಸರಿಲ್ಲದ ಕಂಪನಿಯದು. ದುಡ್ಡು ನೋಡಿದರೆ ಎರಡನೆಯದೇ ಸರಿ. ಆದರೆ ಅಗ್ಗದ್ದನ್ನು ಕೊಂಡು ಇನ್ನೊಬ್ಬರ ಮಗಳ ಮದುವೆ ಹಾಳು ಮಾಡಿದರೆ? ಫೋಟೋ ಮತ್ತೆ ತೆಗೆಯಬಹುದು, ಮದುವೆ ಮತ್ತೆ ಮಾಡಲಾಗುವುದಿಲ್ಲವಲ್ಲ.

ಆಗ ನಾನು ಆರು ವರ್ಷದಿಂದ ಮನಸ್ಸಿನಲ್ಲಿದ್ದ ಒಂದು ಪ್ರಶ್ನೆ ಕೇಳಿದೆ. ಇವರು ಹೊಡೆಯುವುದು, ನಾನು ತಿದ್ದುವುದು ನಮ್ಮ ಪದ್ಧತಿಯಾಗಿತ್ತಲ್ಲ. ಬೇರೆಯವರ ಮದುವೆಯ ಫೋಟೋ ಬೇಗ ಮುಗಿಯುತ್ತಿತ್ತು, ನಮ್ಮ ಬೌದ್ಧರದ್ದೇ ಕಷ್ಟ. ಮದುಮಗಳದು ಬಿಳಿ ಸೀರೆ, ಮದುಮಗನದು ಬಿಳಿ ಅಂಗಿ, ಹಿಂದೆ ನಿಂತವರೂ ಬಿಳಿ. ಫೋಟೋದಲ್ಲಿ ಸೀರೆ ಬೂದಿಯ ಬಣ್ಣಕ್ಕೆ ಬಂದು, ಮುಖಗಳು ಕತ್ತಲಾಗುತ್ತಿದ್ದವು. ಯಾಕೆ? ವಸೀಮ ಮಾಡಿಯೇ ತೋರಿಸಿದ. ಆಟೋಮ್ಯಾಟಿಕ್ ಫ್ಲ್ಯಾಶನ್ನು ನನ್ನ ಕ್ಯಾಮೆರಾಕ್ಕೆ ಹಾಕಿ, ಗೋಡೆಗೆ ಒರಗಿ ನಿಂತು, "ಹೊಡೀರಿ" ಎಂದ. ಆಮೇಲೆ ಒಂದು ಬಿಳಿ ಟವೆಲನ್ನು ಎದೆಗೆ ಹರಡಿಕೊಂಡು, "ಈಗ ಹೊಡೀರಿ" ಎಂದ. ಅದೇ ಮನುಷ್ಯ, ಅದೇ ಗೋಡೆ. ಟವೆಲ್ ಬಂದ ಕೂಡಲೇ ಅವನ ಮುಖ ಕಪ್ಪಾಯಿತು. ಈ ಫ್ಲ್ಯಾಶ್ ಮೊದಲು ಸ್ವಲ್ಪ ಬೆಳಕು ಬಿಟ್ಟು, ಎಷ್ಟು ತಿರುಗಿ ಬರುತ್ತದೆ ಎಂದು ಅಳೆಯುತ್ತದಂತೆ. ಬಿಳಿ ಬಟ್ಟೆ ಬಹಳ ಬೆಳಕು ತಿರುಗಿಸಿ ಕಳಿಸುತ್ತದೆ. ಫ್ಲ್ಯಾಶ್ ಇಷ್ಟು ಸಾಕೆಂದುಕೊಂಡು ತನ್ನ ಬೆಳಕು ಕಡಿಮೆ ಮಾಡುತ್ತದೆ. ಬಟ್ಟೆ ಮಾಡಿದ್ದನ್ನು ಮುಖ ಅನುಭವಿಸಬೇಕು. ನೆನಪಿದ್ದಾಗ ಇವರು ಬೆಳಕನ್ನು ಕೈಯಿಂದ ಹೆಚ್ಚಿಸಿಕೊಳ್ಳುತ್ತಿದ್ದರು, ಮದುವೆಯ ಗದ್ದಲದಲ್ಲಿ ಮರೆಯುತ್ತಿದ್ದರು. ಇವರ ಕ್ಯಾಮೆರಾ ಇಸಿದುಕೊಂಡವರಿಗಂತೂ ಅದು ಗೊತ್ತೇ ಇರಲಿಲ್ಲ.

ಮ್ಯಾನುವಲ್ ಹಾಕಿ ಮತ್ತೆ ಹೊಡೆದೆ. ಟವೆಲ್ ಇದ್ದಾಗ, ಇಲ್ಲದಾಗ, ಕರೀ ಕೊಡೆ ಹಿಡಿದಾಗ, ಮೂರೂ ಸಲ ವಸೀಮನ ಮುಖ ವಸೀಮನ ಮುಖವೇ. ಅವನು ಪರದೆಗೆ ಬಗ್ಗಿ ನೋಡಿ, "ನಾ ಹಿಂಗದೇನಿ ಅಂತ ನಮ್ಮ ಬೇಗಂಗ ಗೊತ್ತಾದ್ರ ಮುಗೀತು, ಅಳಸ್ರಿ" ಎಂದ. ಹೋದ ವರ್ಷದ ಮಾರ್ಚಿನಿಂದ ನಾನು ನಕ್ಕದ್ದು ಅದೇ ಮೊದಲಿರಬೇಕು. "ಆಟೋಮ್ಯಾಟಿಕ್ ಅಂದ್ರ ದಾಮಾದ್, ಅಳಿಯ ಇದ್ದಂಗ, ಭಾಭಿ. ಅವನ ಮರ್ಜಿ ಬಂದಂಗ ಮಾಡ್ತಾನ. ಇದು ಎಮ್ಮಿ. ನೀವು ಎಷ್ಟು ಹಿಂಡ್ತೀರಿ ಅಷ್ಟೇ ಕೊಡ್ತದ, ಹೆಚ್ಚಿಲ್ಲ ಕಮ್ಮಿಲ್ಲ" ಎಂದೂ ಹೇಳಿದ. ಆದರೆ ಎಮ್ಮೆಗೆ ಬುದ್ಧಿಯಿಲ್ಲ. ಬೆಳಕು ಎಷ್ಟು ದೂರವಿದೆ ಎಂದು ಹೊಡೆಯುವವರೇ ಲೆಕ್ಕ ಇಟ್ಟುಕೊಳ್ಳಬೇಕು. ಪೂರ್ತಿ ಶಕ್ತಿಯಲ್ಲಿ ಹೊಡೆದರೆ ಮತ್ತೆ ತಯಾರಾಗಲು ಐದು ಸೆಕೆಂಡು ಬೇಕು. ಕಾಲು ಶಕ್ತಿಯಲ್ಲಾದರೆ ಕಾಯುವ ಮಾತಿಲ್ಲ. ಕ್ಯಾಮೆರಾದ ತಲೆಯ ಮೇಲೆ ಟ್ರಿಗರ್ ಎಂಬ ಪುಟ್ಟ ಡಬ್ಬಿ ಇಟ್ಟರೆ ಫ್ಲ್ಯಾಶನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಕ್ಯಾಮೆರಾದ ಮೇಲಿನಿಂದ ಬಿದ್ದ ಬೆಳಕಿನಲ್ಲಿ ಮುಖ ರೊಟ್ಟಿಯಂತೆ ಚಪ್ಪಟೆ. ಪಕ್ಕದಿಂದ ಬಿದ್ದರೆ ಮೂಗು ಮೂಗಾಗುತ್ತದೆ, ಕೆನ್ನೆ ಕೆನ್ನೆಯಾಗುತ್ತದೆ. ಮ್ಯಾನುವಲ್ಲನ್ನೂ ಟ್ರಿಗರನ್ನೂ ಕೊಂಡು ಸಂಜೆಯ ರೈಲಿಗೆ ಭಾಲ್ಕಿಗೆ ಬಂದೆ.

ನೀರಿನ ಗಡಿಗೆಯನ್ನೇ ಮುಖವೆಂದುಕೊಂಡು ಅದರ ಕೊರಳಿಗೆ ನಿಮ್ಮ ಹಳೆಯ ಬಿಳಿ ಸೀರೆಯ ತುಂಡು ಕಟ್ಟಿ ಆರು ದಿನ ಕಲಿತೆ. ಫ್ಲ್ಯಾಶಿನ ದೂರವನ್ನು ಹೆಜ್ಜೆಯಲ್ಲಿ ಅಳೆಯುವುದು ನನಗೆ ಸರಿಬರಲಿಲ್ಲ, ಎರಡೂ ಕೈ ಚಾಚಿ ಮಾರಿನಲ್ಲಿ ಅಳೆದೆ. ಒಂದು ಮಾರು ದೂರಕ್ಕೆ ಎಂಟರಲ್ಲಿ ಒಂದು ಪಾಲು ಶಕ್ತಿ ಸಾಕಾದರೆ, ಎರಡು ಮಾರಿಗೆ ಎರಡು ಪಾಲು ಎಂದುಕೊಂಡಿದ್ದೆ. ಅಲ್ಲ, ನಾಲ್ಕು ಪಾಲು ಬೇಕು. ಒಂದು ಹೆಜ್ಜೆ ದೂರವಾದರೂ ಬೆಳಕು ಎಷ್ಟು ಸೊರಗುತ್ತದೆ ಎಂದು ಆಗ ತಿಳಿಯಿತು. ಯಾರು ಬಂದರು, ಏನು ಉಂಡೆ ಎಂದಷ್ಟೇ ಇರುತ್ತಿದ್ದ ದಿನಚರಿಯಲ್ಲಿ ಈಗ ಪುಟಗಟ್ಟಲೆ ಮಾರು ಮತ್ತು ಪಾಲು.

ಹೋದ ರವಿವಾರ ಮೆಹಕರದ ಮದುವೆ. ಫ್ಲ್ಯಾಶನ್ನು ಬಿದಿರಿನ ಕೋಲಿಗೆ ಕಟ್ಟಿದ್ದೆ. ಹಿಡಿಯಲು ಮದುಮಗಳ ಸೋದರತ್ತೆ ಮುಂದೆ ಬಂದರು, ನನಗಿಂತ ಒಂದು ಗೇಣು ಎತ್ತರದ ಹೆಂಗಸು. ಒಂದು ಮಾರು ದೂರ ನಿಲ್ಲಿ ಎಂದರೆ, "ನಿನ್ ಮಾರೇನವ್ವಾ, ನನ್ ಮಾರ? ಮೊದಲ ಅದು ಹೇಳು" ಎಂದರು. ಪಂಚಶೀಲ ಹೇಳಿ ಮುಗಿಯುವವರೆಗೂ ಅವರ ಕೋಲು ಅಲುಗಲಿಲ್ಲ. ಸೀರೆ ಹಾಲಿನಂತೆ ಬಂತು. ಮದುಮಗಳ ಮುಖ, ನಿಮ್ಮ ಹಾಗೆಯೇ ಗಟ್ಟಿ ಕಪ್ಪು ಬಣ್ಣದ ಹುಡುಗಿ, ಇದ್ದ ಹಾಗೆ ಬಂತು, ಕೆನ್ನೆಯ ಮೇಲೆ ಬೆಳಕು ನಿಂತಿತ್ತು. ಊಟದ ಹೊತ್ತಿಗೆ ಗಂಡಿನ ಕಡೆಯವರೊಬ್ಬರು ಬಂದು, ಎಲ್ಲರೂ ಕೇಳುವ ಹಾಗೆ, "ಹುಡುಗೀನ ಒಂದೀಟು ಬೆಳ್ಳಗ ಮಾಡಿ ಕೊಡ್ರಿ ಮೇಡಂ" ಎಂದರು. ಆರು ವರ್ಷ ಈ ಮಾತಿಗೆ ನಾನು ಹೂಂ ಎಂದಿದ್ದೇನೆ, ಒಂದು ಗುಂಡಿ ಒತ್ತಿದರೆ ಆಗುವ ಕೆಲಸ. ಈ ಸಲ ಹೂಂ ಎನ್ನದೆ ಪರದೆಯ ಮೇಲಿನ ಫೋಟೋವನ್ನು ಅವರಿಗೆ ತೋರಿಸಿದೆ. ಸೋದರತ್ತೆಯೇ ಕೋಲು ನೆಲಕ್ಕೆ ಊರಿ, "ಹುಡುಗೀನ ನೋಡಿ ಒಪ್ಪೀರೋ, ಫೋಟೋ ನೋಡಿ ಒಪ್ಪೀರೋ?" ಎಂದು ಕೇಳಿದರು. ಗಂಡಿನ ಕಡೆಯವರು ನಕ್ಕು ಪಂಗತಿಗೆ ಹೋಗಿ ಕೂತರು. ಅಮರನಾಥ ಅವರಿಗೆ ಫೋಟೋಗಳನ್ನು ಇದ್ದ ಹಾಗೆಯೇ ಕೊಟ್ಟಿದ್ದೇನೆ. ಬೇಸಿಗೆಗೆ ಇನ್ನೆರಡು ಮದುವೆ ಒಪ್ಪಿಕೊಂಡಿದ್ದೇನೆ.

ಇಪ್ಪತ್ತೆಂಟಕ್ಕೆ ಮೊದಲೇ ಬನ್ನಿ, ಅತ್ತೆ. ಆ ಕಟ್ಟಿನ ಫೋಟೋ ಇಳಿಸಿ, ಬಟ್ಟೆ ಸುತ್ತಿ ಅಲಮಾರಿಯಲ್ಲಿಟ್ಟಿದ್ದೇನೆ. ಗೋಡೆ ಖಾಲಿಯಿದೆ. ನಿಮಗೆ ಖಾಲಿ ಗೋಡೆಯ ಎದುರು ಊಟ ಸೇರದಿದ್ದರೆ ಅಡುಗೆಮನೆಯಲ್ಲೇ ಇಬ್ಬರೂ ಉಣ್ಣೋಣ. ಸಂಘಮಿತ್ರಾ ಅಕ್ಕನಿಗೂ ಭಾವನವರಿಗೂ ನನ್ನ ಜೈಭೀಮ್ ತಿಳಿಸಿ. ಬಿಸಿಲು ಏರುತ್ತಿದೆ, ಮಧ್ಯಾಹ್ನ ಹೊರಗೆ ತಿರುಗಬೇಡಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ಪ್ರಣಾಲಿ

ತಾ.ಕ.: ಪತ್ರವನ್ನು ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ಇದನ್ನು ಬರೆಯದೆ ಕಳಿಸಲಾರೆ. ಆ ಫೋಟೋ ಬೆಳ್ಳಗೆ ಮಾಡಿದವರು ಲ್ಯಾಬಿನವರಲ್ಲ, ನಾನು. ಬಿಳಿ ಅಂಗಿಯ ಮೇಲೆ ಮುಖ ಕತ್ತಲಾಗಿತ್ತು. ಕಾಣಲಿ ಎಂದು ಕಂಪ್ಯೂಟರಿನಲ್ಲಿ ಬೆಳಕು ಏರಿಸುತ್ತ ಹೋದೆ, ಎಲ್ಲರಿಗೂ ಮಾಡಿದ ಹಾಗೆಯೇ. ನೀವು ಆ ಮನುಷ್ಯನನ್ನು ಬೈಯುವಾಗ ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ಮೊನ್ನೆ ಬೀದರಿಗೆ ಹೋಗಿ ಅವರಿಗೆ ನಿಜ ಹೇಳಿ ಕ್ಷಮೆ ಕೇಳಿದೆ, ಈಗ ನಿಮ್ಮನ್ನು ಕೇಳುತ್ತಿದ್ದೇನೆ. ಮೊದಲಿನ ಫೋಟೋ ಕಂಪ್ಯೂಟರಿನಲ್ಲಿ ಹಾಗೇ ಇದೆ. ಒಂದು ವಾರದಿಂದ ಹೊಸದಾಗಿ ತಿದ್ದುತ್ತಿದ್ದೇನೆ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಿಲ್ಲ. ಕಣ್ಣು ಮುಚ್ಚಿದರೆ ಕಾಮಣಿ ಬೇನೆಯಲ್ಲಿ ಹಳದಿಯಾದ ಇವರ ಮುಖವೇ ಬರುತ್ತದೆ, ಅದಕ್ಕೂ ಮೊದಲಿನದು ಬರುವುದಿಲ್ಲ. ಇವರ ಬಣ್ಣ ನನಗೆ ಮರೆತುಹೋಗಿದೆ, ಅತ್ತೆ. ಇದನ್ನು ಯಾರ ಮುಂದೆಯೂ ಹೇಳಿಲ್ಲ. ಇವರದು ನಿಮ್ಮದೇ ಬಣ್ಣ ಎಂದು ಎಲ್ಲರೂ ಹೇಳುತ್ತಿದ್ದರು. ಬಂದು ಒಂದು ಸಲ ಈ ಬೆಳಕಿನ ಮುಂದೆ ಕುಳಿತುಕೊಳ್ಳಿ. ನಿಮ್ಮ ಫೋಟೋ ಪಕ್ಕದಲ್ಲಿಟ್ಟುಕೊಂಡು ಇವರದನ್ನು ತಿದ್ದುತ್ತೇನೆ. ನೀವು ನೋಡುತ್ತಿರಿ. ನೀವು "ಸಾಕು" ಎಂದಲ್ಲಿ ನಿಲ್ಲಿಸುತ್ತೇನೆ.