ಕೀ ಇಲ್ಲದೆ ಹತ್ತಿದ ಹಸಿರು ದೀಪ

ಮನೆಯಿಂದ,
ಮಾರ್ಚ್ ಆರು, ಗುರುವಾರ, ಮಧ್ಯಾಹ್ನ

ಪ್ರೀತಿಯ ನನ್ನ ಮೊಂಡ ಮಗನೇ,

ಹೇಗಿದ್ದೀಯ? ಮೂಟೆ ಹೊತ್ತು ಹೊತ್ತು ನಿನ್ನ ಸೊಂಟ ಹಿಡಿದುಕೊಂಡಿದೆ ಎಂದು ನಿನ್ನ ಕೋಣೆಯ ಜೊತೆಗಾರ ಹೇಳಿದ. ನೀನಂತೂ ಬಾಯಿ ಬಿಡುವವನಲ್ಲ. ಬಿಸಿನೀರಿನ ಶಾಖ ಕೊಡು, ಮೂಗು ಮುರಿಯಬೇಡ. ನಾನು ಚೆನ್ನಾಗಿದ್ದೇನೆ; ಮಂಡಿ ಮಾತ್ರ ಮೆಟ್ಟಿಲು ಕಂಡರೆ ರಾಗ ಎಳೆಯುತ್ತದೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಅಪ್ಪನ ಮಾತು ಎತ್ತಿದ ಕೂಡಲೇ "ಸಿಗ್ನಲ್ ಇಲ್ಲಮ್ಮ" ಅಂತ ಇಟ್ಟುಬಿಡುವವನಿಗೆ ಫೋನಿನಲ್ಲಿ ಏನು ಹೇಳುವುದು? ಕಾಗದಕ್ಕೆ ಸಿಗ್ನಲ್ ಬೇಡ. ಕೊನೆಯವರೆಗೂ ಓದು.

ಪಕ್ಕದ ಮನೆಯ ಟೈಲರ್ ನಿಮ್ಮಪ್ಪನ ಬೈಕನ್ನು ಕೊಳ್ಳಲು ಕೇಳಿದರು. ಪೊಲೀಸ್ ಠಾಣೆಯ ಅಂಗಳದಿಂದ ಬಂದಾಗಿನಿಂದ, ಎರಡು ವರ್ಷ, ಅದು ಮೆಟ್ಟಿಲ ಕೆಳಗಿನ ಓಣಿಯಲ್ಲಿ ಹಳೆಯ ಬೆಡ್‌ಶೀಟ್ ಹೊದ್ದು ನಿಂತಿತ್ತು. ದಿನಕ್ಕೆ ಹತ್ತು ಸಲ ಅದರ ಪಕ್ಕದಲ್ಲೇ ಸೊಂಟ ಓರೆ ಮಾಡಿಕೊಂಡು ದಾಟುತ್ತಿದ್ದೆ. ಸಾಕು, ಯಾರಾದರೂ ಓಡಿಸಲಿ ಅನ್ನಿಸಿ ಒಪ್ಪಿಕೊಂಡೆ. ಗ್ಯಾರೇಜಿನಲ್ಲಿ ನಿನಗೆ ಕೆಲಸ ಕಲಿಸಿದ ಗ್ರೀಸಜ್ಜನನ್ನೇ ಕರೆಸಿದೆ. ಅವರು ಹೊಸ ಬ್ಯಾಟರಿ ಕೂರಿಸಿ, ಕೀ ಹಾಕಿ ಎರಡು ಸಲ ತಿರುಗಿಸಿ, "ಸ್ವಿಚ್ ಕೆಟ್ಟಿದೆ ತಾಯಿ, ಸೋಮವಾರ ಬಂದು ಬಿಚ್ತೀನಿ" ಎಂದು ಹೋದರು. ಕೀಯನ್ನು ನಾನು ಅಡುಗೆಮನೆಯ ಡಬ್ಬದೊಳಗೆ ಹಾಕಿಟ್ಟೆ.

ಆ ದಿನ ಶುಕ್ರವಾರ. ಸಂಜೆ ಐದೂವರೆ ಇರಬಹುದು, ಒಣಗಿದ ಬಟ್ಟೆ ತರಲು ಹೊರಟಿದ್ದೆ. ಬೆಡ್‌ಶೀಟಿನ ಒಳಗಿನಿಂದ ಹಸಿರು ಬೆಳಕು ಕಾಣಿಸಿತು. ಎತ್ತಿ ನೋಡಿದರೆ ನ್ಯೂಟ್ರಲ್ ದೀಪ ಹತ್ತಿದೆ. ಕೀ ಹಾಕುವ ತೂತು ಖಾಲಿ. ಅಂಗೈಯಿಂದ ಒಂದು ಬಡಿದೆ, ಆರಿತು. ಹಳೇ ಗಾಡಿ, ಅದಕ್ಕೂ ಅರಳುಮರಳು ಎಂದು ನಕ್ಕು ಸುಮ್ಮನಾದೆ. ಮಾರನೆಯ ದಿನ ಅದೇ ಹೊತ್ತಿಗೆ ಹಾರ್ನ್ ಆಯಿತು. ಒಂದೇ ಸಲ, ಚಿಕ್ಕದಾಗಿ. ನಿಮ್ಮಪ್ಪ ಗೋದಾಮಿನಿಂದ ಬರುವಾಗ ತಿರುವಿನಲ್ಲಿ ಹಾಗೆಯೇ ಹೊಡೆಯುತ್ತಿದ್ದರಲ್ಲ, ಟೀ ಇಡು ಅಂತ. ನಾನು ಎದ್ದು ಹೋಗಿ ಪಾತ್ರೆ ಇಟ್ಟು, ಎರಡು ಲೋಟ ನೀರು ಹಾಕಿ, ಒಲೆ ಹಚ್ಚಿದ ಮೇಲೆ ನನಗೆ ಎಚ್ಚರವಾಯಿತು. ಒಲೆ ಆರಿಸಿ ನೀರು ಚೆಲ್ಲಿಬಿಟ್ಟೆ.

ಭಾನುವಾರ ನಾನೇ ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹೆದರಿಕೊಂಡು ಒಳಗೆ ಕೂರುವ ಜಾತಿಯಲ್ಲ ನಿನ್ನಮ್ಮ, ನಿನಗೆ ಗೊತ್ತು. ಕಿಟಕಿಯಿಂದ ಬಿಸಿಲು ಇಳಿದು ಟ್ಯಾಂಕಿನ ಮೇಲೆ ಬಿತ್ತು, ಆಮೇಲೆ ಹ್ಯಾಂಡಲ್ಲಿನ ಮೇಲೆ. ಹಸಿರು ದೀಪ ನಿಧಾನವಾಗಿ, ಯಾರೋ ಕಣ್ಣು ಬಿಟ್ಟ ಹಾಗೆ, ಹತ್ತಿತು. ಹಾರ್ನಿನ ಗುಂಡಿಯನ್ನೇ ದಿಟ್ಟಿಸಿ ನೋಡುತ್ತಿದ್ದೆ. ಅದು ಅಲುಗಲಿಲ್ಲ, ಹಾರ್ನ್ ಆಯಿತು. ನನ್ನ ಬಾಯಿಂದ ತಾನಾಗಿ "ಬಂದ್ರಾ?" ಎಂದು ಬಂದುಬಿಟ್ಟಿತು. ಉತ್ತರಕ್ಕೆ ಕಾಯುತ್ತ ಎಷ್ಟು ಹೊತ್ತು ಕೂತೆನೋ ತಿಳಿಯದು. ನಾಚಿಕೆಯೂ ಆಯಿತು, ಅಳುವೂ ಬಂತು.

ಸೋಮವಾರ ಗ್ರೀಸಜ್ಜ ಬಂದು ಮೆಟ್ಟಿಲ ಮೇಲೆ ಪೇಪರ್ ಹಾಸಿಕೊಂಡು ಸ್ವಿಚ್ ಬಿಚ್ಚತೊಡಗಿದಾಗ ನನಗೆ ಹೆದರಿಕೆಯಾಯಿತು. ದೆವ್ವಕ್ಕಲ್ಲ. ಅದರೊಳಗಿಂದ ಏನು ಹೊರಬರುತ್ತದೋ ಎಂದು. ಅಪ್ಪ ಹೋದ ದಿನದ ಹಿಂದಿನ ಸಂಜೆ ಅದೇ ಸ್ವಿಚ್ಚಿನ ಕೆಂಪು ತಂತಿಗೆ ನೀನು ಬೆಸುಗೆ ಹಾಕಿದ್ದೆ. ಬೆಳಿಗ್ಗೆ ರಸ್ತೆಯುಬ್ಬಿನ ಮೇಲೆ ಗಾಡಿ ಆಫ್ ಆಯಿತು, ನಡುರಸ್ತೆಯಲ್ಲಿ, ಹಿಂದೆ ಲಾರಿ. ಜನ ತುಂಬಿದ್ದ ಮನೆಯಲ್ಲಿ ನಿನ್ನ ಚಿಕ್ಕಪ್ಪ ನಿನ್ನ ಮುಖಕ್ಕೇ ಹೇಳಿದರು: "ಇವನ ಕೈಗೆ ಕೊಟ್ಟಿದ್ದಕ್ಕೇ ನನ್ನಣ್ಣ ಹೋದ." ಆ ದಿನ ಕೆಳಗಿಟ್ಟ ಸೋಲ್ಡರಿಂಗ್ ಐರನ್ನನ್ನು ನೀನು ಮತ್ತೆ ಮುಟ್ಟಲಿಲ್ಲ. ಕಲಿತ ಕೆಲಸ ಬಿಟ್ಟು, ಮನೆ ಬಿಟ್ಟು, ಯಾವುದೋ ಊರಲ್ಲಿ ಲಾರಿಗೆ ಮೂಟೆ ಹಾಕುತ್ತಿದ್ದೀಯ. ಅವರು ಹಾಗೆ ಹೇಳುವಾಗ ನಾನು ಗೋಡೆಗೆ ಒರಗಿ ನಿಂತಿದ್ದೆ, ತುಟಿ ಪಿಟಕ್ಕೆನ್ನಲಿಲ್ಲ.

ಈಗ ಕೇಳು. ಗ್ರೀಸಜ್ಜ ಸ್ವಿಚ್ಚನ್ನು ಬಿಸಿಲಿಗೆ ಹಿಡಿದು, ಆ ಕೆಂಪು ತಂತಿಯನ್ನು ಇಕ್ಕಳದಲ್ಲಿ ಕಚ್ಚಿ ಎಳೆದರು. ಇನ್ನೊಮ್ಮೆ, ಕಾಲು ಒತ್ತಿಕೊಂಡು ಎಳೆದರು. "ನೋಡಿ ತಾಯಿ, ಇದು ನನ್ನ ಹುಡುಗನ ಬೆಸುಗೆ. ತಂತಿ ಬೇಕಾದ್ರೆ ಹರೀತದೆ, ಇದು ಬಿಡಲ್ಲ" ಎಂದರು. ಕೆಟ್ಟಿದ್ದು ತಂತಿಯಲ್ಲ, ಕೀ ತಿರುಗುವ ಬೀಗ. ಒಳಗೆಲ್ಲ ಸವೆದು, ದುಂಡಗಿರಬೇಕಾದ ತೂತು ಮೊಟ್ಟೆಯ ಆಕಾರಕ್ಕೆ ಬಂದಿದೆ. ಬಿಸಿಲಿಗೆ ಲೋಹ ಹಿಗ್ಗಿದರೆ ಸ್ವಿಚ್ಚು ತಾನಾಗೇ ಆನ್ ಆಗುತ್ತದೆ, ಗಾಡಿ ಕುಲುಕಿದರೆ ತಾನಾಗೇ ಆಫ್ ಆಗುತ್ತದೆ. ತಪ್ಪು ನಿನ್ನ ಬೆಸುಗೆಯದಲ್ಲ ಎಂದು ನನಗೆ ಸಮಾಧಾನವಾಯಿತು. ಆಗ ಅವರು ಕನ್ನಡಕ ಮೇಲೇರಿಸಿ, "ಈ ಕೀಗೆ ಏನಾದ್ರೂ ಭಾರ ತೂಗುಹಾಕ್ತಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿ, ಸ್ವಿಚ್ಚು, ಬ್ಯಾಟರಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದರು.

ಅಲ್ಲಿಗೆ ಮುಗಿಯಬೇಕಿತ್ತು. ಆ ಸಂಜೆ ಐದೂವರೆಗೆ ಮತ್ತೆ ಹಾರ್ನ್ ಆಯಿತು. ಬ್ಯಾಟರಿ ಇಲ್ಲ, ಸ್ವಿಚ್ ಇಲ್ಲ, ನಾಲ್ಕು ತಂತಿ ಜೋತುಬಿದ್ದಿವೆ, ಅಷ್ಟೇ. ಈ ಸಲ ಟೀ ಇಡು ಎನ್ನುವ ಹಾರ್ನ್ ಅಲ್ಲ. ಉದ್ದನೆಯದು, ಹಿಂದಿನಿಂದ ಏನೋ ಬರುವುದನ್ನು ಕಂಡವರು ಹೆಬ್ಬೆರಳು ತೆಗೆಯದೆ ಒತ್ತಿಹಿಡಿದ ಹಾಗೆ. ನಾನು ಕಿವಿ ಮುಚ್ಚಿಕೊಂಡೆ, ಆದರೂ ಕೇಳಿಸಿತು. ಟೈಲರ್ ಹೆಂಡತಿ ಹೊರಗೆ ಅಕ್ಕಿ ಆರಿಸುತ್ತ ಕೂತಿದ್ದಳು, ಅವಳು ತಲೆ ಕೂಡ ಎತ್ತಲಿಲ್ಲ. ಮಂಗಳವಾರವೂ ಆಯಿತು. ಗ್ರೀಸಜ್ಜನಿಗೆ ಫೋನ್ ಮಾಡಿದರೆ, "ಬ್ಯಾಟರಿ ನನ್ನ ಬೆಂಚ್ ಮೇಲೇ ಇದೆ ತಾಯಿ, ಇಲ್ಲದ್ದನ್ನ ಹೇಗೆ ರಿಪೇರಿ ಮಾಡಲಿ" ಎಂದರು. ನಿನ್ನೆ ಇನ್ನೂ ಉದ್ದ ಆಯಿತು. ನಿಮ್ಮಪ್ಪನಿಗೆ ಸಿಟ್ಟು ಬಂದರೆ ಮಾತೇ ಆಡುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ಹಾರ್ನ್ ಹೊಡೆದು ಬೀದಿಗೆಲ್ಲ ತಿಳಿಸುತ್ತಿದ್ದರು. ಈ ಸಿಟ್ಟು ನಿನ್ನ ಚಿಕ್ಕಪ್ಪನ ಮೇಲೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಹಾರ್ನ್ ಆಗುತ್ತಿರುವುದು ಅವರ ಮನೆಯಲ್ಲಲ್ಲ, ಇಲ್ಲಿ.

ಗ್ರೀಸಜ್ಜ ನಿನ್ನನ್ನು ಕೇಳಿದರು. ನಿನ್ನ ಬೆಂಚಿನಲ್ಲಿ ಬೇರೆ ಯಾರನ್ನೂ ಕೂರಿಸಿಲ್ಲವಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಸೊಂಟ ಗಟ್ಟಿಯಾಗಲಿ, ಮನಸ್ಸು ಹಗುರಾಗಲಿ, ನನ್ನ ಆಯುಸ್ಸೂ ನಿನಗೇ ಸೇರಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಐದೂವರೆಗೆ ಹತ್ತು ನಿಮಿಷವಿದೆ, ಅಷ್ಟರೊಳಗೆ ಬರೆದುಬಿಡುತ್ತೇನೆ. ಗ್ರೀಸಜ್ಜನಿಗೆ ಸುಳ್ಳು ಹೇಳಿದೆ. ಅಪ್ಪ ಕಳೆದುಹಾಕುತ್ತಾರೆಂದು ಮನೆಯದು, ಬೀರುವಿನದು, ಗೋದಾಮಿನದು, ಎಲ್ಲ ಸೇರಿ ಹನ್ನೊಂದು ಬೀಗದ ಕೈಗಳನ್ನು ಗಾಡಿಯ ಕೀಗೇ ಪೋಣಿಸಿದವಳು ನಾನು, ವರ್ಷಗಟ್ಟಲೆ. ಆ ಸಂಜೆ ನೀನು ಅವನ್ನೆಲ್ಲ ಬಿಡಿಸಿ ಮೊಳೆಗೆ ತಗುಲಿಸಿ, "ಅಮ್ಮಾ, ಈ ಭಾರಕ್ಕೆ ಬೀಗ ಒಳಗೆ ಸವೆದಿದೆ, ಹೊಸ ಬೀಗ ತರೋ ತನಕ ಇದಕ್ಕೆ ಏನೂ ಹಾಕ್ಬೇಡ" ಅಂದಿದ್ದೆ. ಬೆಳಿಗ್ಗೆ ನೀನು ಏಳುವ ಮೊದಲು ಅಪ್ಪ ಗೋದಾಮಿನ ಬೀಗದ ಕೈ ಎಲ್ಲಿ ಎಂದು ಹುಡುಕಾಡಿದರು. ನನಗೆ ರೇಗಿ, ಹನ್ನೊಂದನ್ನೂ ಮತ್ತೆ ಪೋಣಿಸಿ ಕೈಗೆ ಕೊಟ್ಟೆ. ಪೊಲೀಸಿನವರು ಆ ಗೊಂಚಲನ್ನು ಕವರಿನಲ್ಲಿ ಹಾಕಿ ತಂದುಕೊಟ್ಟಾಗ ಗಾಡಿಯ ಕೀ ಮಾತ್ರ ಬಿಡಿಸಿಕೊಂಡು, ಉಳಿದದ್ದನ್ನು ನಿನ್ನ ಕಣ್ಣಿಗೆ ಬೀಳದಂತೆ ಟ್ರಂಕಿನ ತಳಕ್ಕೆ ಸೇರಿಸಿದೆ. ನನಗೇನೂ ಗೊತ್ತಿರಲಿಲ್ಲ ಎಂದು ಎರಡು ವರ್ಷ ಅಂದುಕೊಂಡೆ. ಗೊತ್ತಿಲ್ಲದಿದ್ದರೆ ಯಾಕೆ ಬಚ್ಚಿಡುತ್ತಿದ್ದೆ? ಇವತ್ತು ಬೆಳಿಗ್ಗೆ ನಿನ್ನ ಚಿಕ್ಕಪ್ಪನ ಮುಂದೆ ಗೊಂಚಲು ಇಟ್ಟು ಎಲ್ಲ ಹೇಳಿ ಬಂದೆ. ನಿನಗೆ ಹೇಳುವುದೇ ಕಷ್ಟವಾಯಿತು. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿಕೋ ಮಗನೇ. ನಿನ್ನ ಕೈಗಳ ಮೇಲೆ ಮಾತ್ರ ಇನ್ನು ಸಿಟ್ಟು ಮಾಡಬೇಡ.