ನನ್ನ ಮಗಳು ಮುಟ್ಟದ ಬ್ಯೂರೆಟ್

ಆನ್‌ಲೈನ್ ಕಾಲೇಜುಗಳ ವಿಜ್ಞಾನ ಪಾಠಕ್ರಮಕ್ಕೆ ಸಹಿ ಹಾಕುವ ಮಾನ್ಯರೇ,

ನನ್ನ ಮಗಳು ಮಾಧುರಿಗೆ ನೀವು ರಸಾಯನಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಐವತ್ತಕ್ಕೆ ಐವತ್ತು ಕೊಟ್ಟಿದ್ದೀರಿ. ಮೂರು ವರ್ಷದಲ್ಲಿ ಅವಳ ಕೈಗೆ ಒಂದು ಟೆಸ್ಟ್ ಟ್ಯೂಬನ್ನೂ ಕೊಟ್ಟಿಲ್ಲ. ಇದೇ ನನ್ನ ದೂರು. ಕನ್ನಡ ಬಾರದಿದ್ದರೆ ಯಾರಿಂದಲಾದರೂ ಓದಿಸಿ ಕೇಳಿ. ಮಾಟುಂಗ ಸ್ಟೇಷನ್ನಿನಲ್ಲಿ ಇಳಿದರೆ ಓದಿ ಹೇಳುವ ಕನ್ನಡದವರು ಬೇಕಾದಷ್ಟು ಸಿಗುತ್ತಾರೆ.

ಇದನ್ನು ಹೇಳಲು ನೀನು ಯಾರು ಎನ್ನುತ್ತೀರಿ. ಮೂವತ್ತೊಂದು ವರ್ಷ ಈ ನಗರದ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡೆಂಟ್ ಆಗಿದ್ದೆ. ದ್ರಾವಣ ಕಲಸುವುದು, ಗಾಜು ತೊಳೆಯುವುದು, ಒಡೆದವರನ್ನು ಗದರಿಸುವುದು ನನ್ನ ಕೆಲಸ. ಮಗಳು ಹಗಲೆಲ್ಲ ಔಷಧಿ ಅಂಗಡಿಯಲ್ಲಿ ದುಡಿಯುವವಳು. ಕಾಲೇಜಿಗೆ ಹೋಗಿ ಕೂರಲು ಪುರುಸೊತ್ತಿಲ್ಲ. ನಿಮ್ಮ ಆನ್‌ಲೈನ್ ಬಿ.ಎಸ್ಸಿ. ಬಂದಾಗ ದೇವರೇ ಬಾಗಿಲು ತೆರೆದ ಎಂದುಕೊಂಡೆ. ಅದನ್ನು ಈಗಲೂ ಅಲ್ಲಗಳೆಯುವುದಿಲ್ಲ. ಸಂಜೆ ಅವಳ ಪಕ್ಕ ಕುಳಿತು ನಿಮ್ಮ ವರ್ಚುವಲ್ ಲ್ಯಾಬ್ ನೋಡುತ್ತಿದ್ದೆ. ಏನು ಲ್ಯಾಬ್ ಸ್ವಾಮಿ ಅದು! ಗಾಜು ಒಡೆಯುವುದಿಲ್ಲ, ಆಸಿಡ್ ಸಿಡಿಯುವುದಿಲ್ಲ, ಅಟೆಂಡೆಂಟನಿಗೆ ಕೂಗಾಡಲು ನೆಪವೇ ಇಲ್ಲ.

“ಬ್ಯೂರೆಟ್ ತೊಳಿಯೋದು ಯಾವಾಗ ಕಲಿಸ್ತಾರವ್ವ?” ಎಂದು ಒಮ್ಮೆ ಕೇಳಿದೆ.

“ಪಪ್ಪಾ, ಇದ್ರಾಗ ತೊಳಿಯೋದೇ ಇಲ್ಲ. ರೀಸೆಟ್ ಒತ್ತಿದ್ರ ಖತಂ,” ಎಂದು ನಕ್ಕಳು. ನಾನೂ ನಕ್ಕುಬಿಟ್ಟೆ.

ಕಳೆದ ತಿಂಗಳು ಮುಲುಂಡ್‌ನಲ್ಲಿ ಔಷಧಿ ಪರೀಕ್ಷಿಸುವ ಒಂದು ಲ್ಯಾಬಿನವರು ಅವಳನ್ನು ಕೆಲಸಕ್ಕೆ ಕರೆದು, ಕೈಗೆ ಬ್ಯೂರೆಟ್ ಕೊಟ್ಟರು. ಅಂಕಿ ಗೆರೆಗಳಿರುವ, ಕೆಳಗೆ ನಲ್ಲಿಯಿರುವ ಗಾಜಿನ ಕೊಳವೆ ಅದು. ಹನಿ ಹನಿಯಾಗಿ ಬಿಡುತ್ತಾ, ಫ್ಲಾಸ್ಕಿನೊಳಗೆ ಬಣ್ಣ ತಿರುಗಿದ ಹನಿಗೇ ನಲ್ಲಿ ನಿಲ್ಲಿಸಿ, ಬಗ್ಗಿ ಗೆರೆ ಓದಬೇಕು. ನಿಮ್ಮ ಪರದೆಯಲ್ಲಿ ಬಣ್ಣ ಬಂದೊಡನೆ ಹನಿ ತಾನೇ ನಿಲ್ಲುತ್ತದೆ, ಪಕ್ಕದ ಚೌಕದಲ್ಲಿ ನಂಬರು ಮೂಡುತ್ತದೆ. ಮಾಧುರಿ ನಲ್ಲಿ ತಿರುಗಿಸಿ, ಆ ನಂಬರಿಗಾಗಿ ಕಾದು ನಿಂತಳು. ಕೊಳವೆ ಪೂರ್ತಿ ಬರಿದಾಯಿತು. ಅಲ್ಲಿಯವರು ಬೈಯಲಿಲ್ಲ. “ಬೇಟಾ, ಯೇ ಅಪ್ನೇ ಆಪ್ ನಹೀ ರುಕ್ತಾ,” ಇದು ತಾನಾಗಿ ನಿಲ್ಲುವುದಿಲ್ಲ ಮಗಳೇ ಎಂದು ಮೆಲ್ಲಗೆ ಹೇಳಿ ಕಳಿಸಿದರಂತೆ. ಬೈದಿದ್ದರೇ ವಾಸಿಯಿತ್ತು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕುಳಿತಳು. “ಪಪ್ಪಾ, ನಾ ಫರ್ಜಿ ಇದ್ದೀನೇನು? ಇನ್ನ ಯಾವ ಲ್ಯಾಬಿಗೂ ಹೋಗಂಗಿಲ್ಲ,” ಎಂದಳು. ಹೇಳಿ ಮಾನ್ಯರೇ, ಈ ಫರ್ಜಿ, ಈ ನಕಲಿ ಯಾರು? ಐವತ್ತು ಅಂಕ ಪಡೆದವಳೋ, ಕೊಟ್ಟ ನೀವೋ? ಅಥವಾ ಅಂಕಪಟ್ಟಿಗೆ ಕುಂಕುಮ ಹಚ್ಚಿ ದೇವರ ಮುಂದಿಟ್ಟ ನಾನೋ? ಯಾರ‍್ಯಾರದೋ ಮಕ್ಕಳ ಕೈ ಹಿಡಿದು ಆ ನಲ್ಲಿ ತಿರುಗಿಸುವುದನ್ನು ತೋರಿಸಿದವನು ನಾನು. ನನ್ನ ಮಗಳ ಕೈ ಹಿಡಿಯಲಿಲ್ಲ.

ಹೋದ ಭಾನುವಾರ ಅಡುಗೆಮನೆಯಲ್ಲಿ ಅರಿಸಿನದ ನೀರು ಕಲಸಿ, ಔಷಧಿ ಕುಡಿಸುವ ಸಿರಿಂಜಿನಲ್ಲಿ ಸುಣ್ಣದ ತಿಳಿ ತುಂಬಿ ಅವಳ ಕೈಗಿಟ್ಟೆ. ಆರತಿ ನೀರು ಕೆಂಪಾಗುವುದು ಇದರಿಂದಲೇ ತಾನೆ. ಒಲ್ಲೆ ಒಲ್ಲೆ ಎನ್ನುತ್ತಲೇ ಮಾಡಿದಳು. ನಾಲ್ಕು ಸಲ ಹನಿ ದಾಟಿಹೋಯಿತು. ಐದನೆಯ ಸಲಕ್ಕೆ, ಕೆಂಪು ತಿರುಗಿದ ಹನಿಗೇ ಸರಿಯಾಗಿ ನಿಲ್ಲಿಸಿದಳು.

“ಶಭಾಶ್! ಎಷ್ಟಾತು ನೋಡವ್ವ,” ಎಂದೆ.

ಅವಳು ಸಿರಿಂಜಿನ ಗೆರೆ ನೋಡಲಿಲ್ಲ. ನಂಬರು ಅಲ್ಲಿ ಮೂಡುತ್ತದೇನೋ ಎಂಬಂತೆ ಪಕ್ಕದ ಗೋಡೆ ನೋಡಿದಳು.

ನಿಮ್ಮ ವರ್ಚುವಲ್ ಲ್ಯಾಬ್ ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಭಾನುವಾರ ಈ ನಗರದ ಕಾಲೇಜು ಲ್ಯಾಬುಗಳಿಗೆಲ್ಲ ಬೀಗ ಬಿದ್ದಿರುತ್ತದೆ. ವರ್ಷಕ್ಕೆ ಹತ್ತು ಭಾನುವಾರ ಆ ಬೀಗ ತೆಗೆಸಿ ಆನ್‌ಲೈನ್ ಮಕ್ಕಳನ್ನು ಒಳಗೆ ಬಿಡಿ. ಅವರು ಗಾಜು ಒಡೆಯಲಿ, ಗುಡಿಸಲು ನಾನು ಬರುತ್ತೇನೆ, ಯಾರನ್ನೂ ಗದರಿಸುವುದಿಲ್ಲ. ಮೊದಲ ಭಾನುವಾರ ಒಂದು ಬ್ಯೂರೆಟ್ ಮಾಧುರಿಗೆಂದು ತೆಗೆದಿಡಿ. ಕರೆದು ನೋಡುತ್ತೇನೆ. ಬರುತ್ತಾಳೋ ಇಲ್ಲವೋ, ಹೇಳಲಾರೆ.

ಇಂತಿ,
ಊರ ಮಕ್ಕಳಿಗೆಲ್ಲ ತೋರಿಸಿ ಮನೆಯ ಮಗಳನ್ನು ಮರೆತ
ಅಣವೀರಪ್ಪ, ಸಯನ್